ಖಾಲಿ ಬಿದ್ದ ನದಿ

ಜನವರಿಯ ಕೊರೆಯುವ ಚಳಿ, ನಡುರಾತ್ರಿ ಕಳೆದ ಹೊತ್ತು. ಲಂಡನ್ನಿನ ಕೋವೆಂಟ್ ಗಾರ್ಡನ್ ಚೌಕದಲ್ಲಿ ಒಂದು ಕೊಲೆಯಾಗಿದೆ. ಸತ್ತವನ ರುಂಡ ಒಂದು ಕಡೆ, ಮುಂಡ ಒಂದು ಕಡೆ. ದೊಡ್ಡ ಅಧಿಕಾರಿಗಳು ನೋಡಿ ಹೋದ ಮೇಲೆ ಜಾಗ ಕಾಯಲು ಇಬ್ಬರು ಹೊಸ ಕಾನ್‌ಸ್ಟೇಬಲ್‌ಗಳನ್ನು ನಿಲ್ಲಿಸಿದ್ದಾರೆ. ಜೊತೆಯವಳು ಕಾಫಿ ತರಲು ಹೋದಾಗ, ಒಂಟಿಯಾಗಿ ನಿಂತ ಹುಡುಗನನ್ನು ಚರ್ಚಿನ ಕಂಬದ ಮರೆಯಿಂದ ಒಬ್ಬ ಮಾತಾಡಿಸುತ್ತಾನೆ. ಕೊಲೆಯನ್ನು ಕಣ್ಣಾರೆ ಕಂಡೆ ಎನ್ನುತ್ತಾನೆ. ಸಾಕ್ಷಿ ಸಿಕ್ಕಿದನಲ್ಲ ಎಂಬ ಖುಷಿಯಲ್ಲಿ ಹುಡುಗ ನೋಟ್‌ಬುಕ್ ತೆಗೆದು ಹೆಸರು, ವಿವರ ಕೇಳುತ್ತಾನೆ. ಆಗ ಗೊತ್ತಾಗುತ್ತದೆ, ಸಾಕ್ಷಿ ಸತ್ತು ನೂರು ವರ್ಷದ ಮೇಲಾಗಿದೆ.

ಇಲ್ಲಿ ಕಿರುಚಿ ಓಡುವ ನಾಯಕರನ್ನು ಬೇಕಾದಷ್ಟು ಓದಿದ್ದೇವೆ. ಈ ಹುಡುಗ ಓಡುವುದಿಲ್ಲ. ದೆವ್ವವೇ ಆದರೂ ಸಾಕ್ಷಿ ಸಾಕ್ಷಿಯೇ ಎಂದು ಹೇಳಿಕೆ ಬರೆದುಕೊಳ್ಳುತ್ತಾನೆ. ಅವನ ನಿಜವಾದ ತಲೆನೋವು ಬೇರೆ: ಇದನ್ನು ಮೇಲಿನವರಿಗೆ ಹೇಗೆ ವರದಿ ಮಾಡುವುದು? ಬೆನ್ ಆರನೋವಿಚ್ ಬರೆದ ‘ರಿವರ್ಸ್ ಆಫ್ ಲಂಡನ್’ ಕಾದಂಬರಿಗೆ ನಾನು ಮನಸೋತದ್ದು ಈ ಜಾಗದಲ್ಲಿ. ದೆವ್ವ ಕಂಡಾಗಲೂ ಮನುಷ್ಯನಿಗೆ ಮೊದಲು ನೆನಪಾಗುವುದು ನೌಕರಿ ಎಂದು ಬಲ್ಲ ಲೇಖಕನನ್ನು ಧೈರ್ಯವಾಗಿ ನಂಬಬಹುದು.

ಕಾದಂಬರಿ ಬಂದದ್ದು 2011ರಲ್ಲಿ. ಅಮೆರಿಕದಲ್ಲಿ ಅದಕ್ಕೆ ‘ಮಿಡ್‌ನೈಟ್ ರಯಟ್’ ಎಂದು ಬೇರೆ ಹೆಸರಿಟ್ಟರು. ಆರನೋವಿಚ್ ಎಂಬತ್ತರ ದಶಕದ ಕೊನೆಯಲ್ಲಿ ‘ಡಾಕ್ಟರ್ ಹೂ’ ಟಿವಿ ಸರಣಿಗೆ ಕಥೆ ಬರೆದವನು. ಆಮೇಲೆ ಆ ಕೆಲಸ ಬತ್ತಿ, ಕೋವೆಂಟ್ ಗಾರ್ಡನ್ನಿನ ಒಂದು ಪುಸ್ತಕದಂಗಡಿಯಲ್ಲಿ ಮಾರಾಟಗಾರನಾಗಿದ್ದ. ಆ ಬೀದಿಗಳು ಅವನಿಗೆ ಅಂಗೈ ಗೆರೆಯಷ್ಟು ಪರಿಚಿತ ಎಂಬುದು ಪುಟಪುಟದಲ್ಲೂ ಕಾಣುತ್ತದೆ. ಯಾವ ಗಲ್ಲಿ ಎಲ್ಲಿ ತಿರುಗುತ್ತದೆ, ಯಾವ ಹೊತ್ತಿಗೆ ಎಲ್ಲಿ ಜನ ಸೇರುತ್ತಾರೆ, ಎಲ್ಲಿ ಕಾರು ನಿಲ್ಲಿಸಲಾಗುವುದಿಲ್ಲ, ಎಲ್ಲವೂ ಕಥೆಯೊಳಗಿದೆ.

ಕೆಲಸದ ಮೇಲೆ ಲಂಡನ್ನಿನಲ್ಲಿದ್ದ ಕಾಲದಲ್ಲಿ ಇದನ್ನು ಓದಿದೆ. ಹಾಗಾಗಿ ಕಥೆಯ ಜಾಗಗಳನ್ನು ಹುಡುಕಿಕೊಂಡು ಹೋಗುವ ಚಪಲವನ್ನೂ ತೀರಿಸಿಕೊಂಡೆ. ದೆವ್ವ ಸಾಕ್ಷಿ ಹೇಳಿದ ಚರ್ಚು ಸೇಂಟ್ ಪಾಲ್ಸ್. ಗುಮ್ಮಟದ ದೊಡ್ಡ ಸೇಂಟ್ ಪಾಲ್ಸ್ ಬೇರೆ. ಇದು ನಾಟಕದವರ ಚರ್ಚು. 1630ರ ದಶಕದಲ್ಲಿ ಇನಿಗೊ ಜೋನ್ಸ್ ಕಟ್ಟಿದ್ದು. ಚೌಕಕ್ಕೆ ಮುಖ ಮಾಡಿದ ನಾಲ್ಕು ದಪ್ಪ ಕಂಬಗಳ ನಡುವೆ ಭರ್ಜರಿ ಬಾಗಿಲೊಂದಿದೆ. ಆ ಬಾಗಿಲು ಸುಳ್ಳು. ಒಳಗೆ ಆ ಗೋಡೆಗೆ ಅಂಟಿಕೊಂಡೇ ಬಲಿಪೀಠವಿದೆ. ಪೀಠ ಪೂರ್ವದಲ್ಲೇ ಇರಬೇಕೆಂದು ಪಾದ್ರಿಗಳು ಪಟ್ಟು ಹಿಡಿದರಂತೆ. ಕಟ್ಟಿದವನ ಯೋಜನೆ ತಿರುವುಮುರುವಾಗಿ, ಜನ ಹಿಂಬದಿಯಿಂದ ಒಳಹೋಗುವಂತಾಯಿತು. ತೆರೆಯದ ಬಾಗಿಲ ಮುಂದೆ ಮಾಟದ ಕಥೆ ಶುರು ಮಾಡಬೇಕೆಂದು ಲೇಖಕನಿಗೆ ಹೊಳೆದದ್ದು ಸುಮ್ಮನೆ ಇರಲಾರದು.

ಅದೇ ಗೋಡೆಯ ಮೇಲೆ ಒಂದು ಬರಹ ಕೆತ್ತಿದ್ದಾರೆ. 1662ರ ಮೇ ತಿಂಗಳಲ್ಲಿ ಸ್ಯಾಮುಯೆಲ್ ಪೀಪ್ಸ್ ಎಂಬಾತ ಇಲ್ಲಿ ಇಟಲಿಯವರ ಗೊಂಬೆಯಾಟ ನೋಡಿ ದಿನಚರಿಯಲ್ಲಿ ಬರೆದಿಟ್ಟದ್ದರ ಗುರುತು ಅದು. ಇಂಗ್ಲೆಂಡಿನಲ್ಲಿ ಪಂಚ್ ಗೊಂಬೆಯ ಮೊದಲ ದಾಖಲೆಯೆಂದು ಲೆಕ್ಕ. ಪಂಚ್ ಹುಟ್ಟಾ ಇಟಲಿಯವನು, ಹೆಸರು ಪುಲ್ಚಿನೆಲ್ಲಾ. ಗೂನುಬೆನ್ನು, ಕೊಕ್ಕೆಮೂಗು, ಕೈಯಲ್ಲೊಂದು ದೊಣ್ಣೆ. ಹೆಂಡತಿಯನ್ನು ಬಡಿದು ಕೊಲ್ಲುತ್ತಾನೆ, ಕೂಸನ್ನು ಎಸೆಯುತ್ತಾನೆ, ಹಿಡಿಯಲು ಬಂದವನನ್ನು ಹೊಡೆಯುತ್ತಾನೆ, ಕೊನೆಗೆ ನೇಣು ಹಾಕಲು ಬಂದವನನ್ನೇ ನೇಣಿಗೇರಿಸುತ್ತಾನೆ. ಇದನ್ನು ನೋಡಿ ಮಕ್ಕಳು ಕೇಕೆ ಹಾಕಿ ನಗುತ್ತವೆ. ಇಂಥ ಗೊಂಬೆ ಇಂಗ್ಲೆಂಡಿನ ಕಡಲತೀರಗಳ ಅಚ್ಚುಮೆಚ್ಚಿನ ಮನರಂಜನೆಯಾಗಿ, ಅಪ್ಪಟ ಇಂಗ್ಲಿಷ್ ಎನಿಸಿಕೊಂಡಿತು. ವಲಸೆ ಬಂದದ್ದು ಎಷ್ಟು ಕಾಲಕ್ಕೆ ಸ್ಥಳೀಯವಾಗುತ್ತದೆ ಎಂಬ ಪ್ರಶ್ನೆಯನ್ನು ಕಾದಂಬರಿ ಬಾಯಿಬಿಟ್ಟು ಕೇಳುವುದಿಲ್ಲ. ಕೊಲೆಗಳ ಸರಣಿಯನ್ನೇ ಈ ಗೊಂಬೆಯಾಟದ ಕ್ರಮದಲ್ಲಿ ಹೆಣೆದು, ಪ್ರಶ್ನೆಯನ್ನು ಮೊದಲ ಹೆಣದ ಪಕ್ಕದಲ್ಲೇ ಇಟ್ಟುಬಿಡುತ್ತದೆ.

(ಚರ್ಚಿನೊಳಗೆ ಚಾರ್ಲ್ಸ್ ಮ್ಯಾಕ್ಲಿನ್ ಎಂಬ ನಟನ ಸ್ಮಾರಕವೂ ಇದೆ. 1735ರಲ್ಲಿ ಡ್ರೂರಿ ಲೇನ್ ರಂಗಮಂದಿರದ ತೆರೆಯ ಹಿಂದೆ ಒಂದು ಟೋಪನ್ನಿನ ವಿಷಯಕ್ಕೆ ಜಗಳವಾಗಿ ಈತ ಸಹನಟನ ಕಣ್ಣಿಗೆ ಕೋಲು ಚುಚ್ಚಿ ಸಾಯಿಸಿದ. ಸ್ಮಾರಕದ ಮೇಲೆ ಕೆತ್ತಿರುವುದು ಕಣ್ಣಿಗೆ ಚೂರಿ ನೆಟ್ಟ ಒಂದು ಮುಖವಾಡ. ತಪ್ಪನ್ನು ಗೋರಿಯ ಮೇಲೂ ಹೊತ್ತುಕೊಂಡನೋ, ಜಂಬ ಕೊಚ್ಚಿಕೊಂಡನೋ, ಹೇಳುವುದು ಕಷ್ಟ. ಕಾದಂಬರಿ ಇದನ್ನೂ ಬಿಟ್ಟಿಲ್ಲ.)

ನಮ್ಮ ಕಾನ್‌ಸ್ಟೇಬಲ್ ಹೆಸರು ಪೀಟರ್ ಗ್ರಾಂಟ್. ಬೀಟಿನ ಕೆಲಸಕ್ಕೆ ನಾಲಾಯಕ್ಕೆಂದು ಕಾಗದಪತ್ರ ತುಂಬುವ ವಿಭಾಗಕ್ಕೆ ಅವನನ್ನು ತಳ್ಳಲು ಇಲಾಖೆ ತಯಾರಾಗಿರುತ್ತದೆ. ಅಷ್ಟರಲ್ಲಿ ನೈಟಿಂಗೇಲ್ ಎಂಬ ಅಧಿಕಾರಿ ಸಿಗುತ್ತಾನೆ. ನೋಡಲು ನಡುವಯಸ್ಸಿನವನು, ಹುಟ್ಟಿದ್ದು 1900ರಲ್ಲಿ. ಹಳೇ ಜಾಗ್ವಾರ್ ಕಾರು, ಬೆಳ್ಳಿ ಹಿಡಿಯ ಊರುಗೋಲು. ಇಡೀ ಇಂಗ್ಲೆಂಡಿನಲ್ಲಿ ಸರ್ಕಾರಿ ಸಂಬಳ ಪಡೆಯುವ ಮಂತ್ರವಾದಿ ಎಂದರೆ ಅವನೊಬ್ಬನೇ. ರಸೆಲ್ ಸ್ಕ್ವೇರಿನ ‘ಫಾಲಿ’ ಎಂಬ ದೊಡ್ಡ ಮನೆಯಲ್ಲಿ ಅವನ ಕಚೇರಿ, ವಾಸ, ಎಲ್ಲ. ಪೀಟರ್ ಅವನ ಶಿಷ್ಯನಾಗುತ್ತಾನೆ.

ಮಾಟದ ಪಾಠದ ಭಾಗ ಮಜವಾಗಿದೆ, ಆದರೆ ಅಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಎರಡು ಸಂಗತಿ ಮಾತ್ರ ಹೇಳುತ್ತೇನೆ. ಕಾದಂಬರಿಯ ಪ್ರಕಾರ ಮಾಟಕ್ಕೆ ಶಾಸ್ತ್ರ ಬರೆದವನು ಐಸಾಕ್ ನ್ಯೂಟನ್. ಇದು ತೀರಾ ಗಾಳಿಗೋಪುರವೂ ಅಲ್ಲ. ನ್ಯೂಟನ್ ರಸವಿದ್ಯೆಯ ಮೇಲೆ ರಾಶಿಗಟ್ಟಲೆ ಬರೆದಿಟ್ಟಿದ್ದ. 1936ರಲ್ಲಿ ಆ ಕಾಗದಗಳು ಹರಾಜಿಗೆ ಬಂದಾಗ ಅರ್ಥಶಾಸ್ತ್ರಜ್ಞ ಕೇನ್ಸ್ ಬಹಳಷ್ಟನ್ನು ಕೊಂಡು ಓದಿ, ಈತ ಮೊದಲ ವಿಜ್ಞಾನಿಯಲ್ಲ, ಕಡೆಯ ಮಂತ್ರವಾದಿ ಎಂಬರ್ಥದ ಮಾತು ಬರೆದ. ಇನ್ನೊಂದು, ಪೀಟರ್ ಪ್ರಶ್ನೆ ಕೇಳುವ ಶಿಷ್ಯ. ಗುರು ಕಲಿಸಿದ ಮೊದಲ ಮಂತ್ರ ಅಂಗೈಯಲ್ಲಿ ಬೆಳಕಿನ ಉಂಡೆ ಮೂಡಿಸುವುದು. ಅದನ್ನು ಕಲಿಯುವಾಗ ಜೇಬಿನಲ್ಲಿದ್ದ ಮೊಬೈಲ್ ಸತ್ತುಹೋಗುತ್ತದೆ. ಬಿಚ್ಚಿ ನೋಡಿದರೆ ಒಳಗಿನ ಚಿಪ್ ಮರಳಾಗಿದೆ. ಎಷ್ಟು ದೂರದಲ್ಲಿಟ್ಟರೆ ಉಳಿಯುತ್ತದೆ, ಆಫ್ ಮಾಡಿದ್ದರೆ ಏನಾಗುತ್ತದೆ ಎಂದು ಅವನು ಪ್ರಯೋಗಕ್ಕೆ ಕೂರುತ್ತಾನೆ. ಶಾಸ್ತ್ರ ಬರೆದು ಮುನ್ನೂರು ವರ್ಷವಾದರೂ ಇದು ಹೀಗೇಕೆ ಎಂದು ಕೇಳುವ ಗೋಜಿಗೆ ಹೋಗದ ಗುರುವಿಗೆ ಇದೆಲ್ಲ ವಿಚಿತ್ರ. ನಗರಾಡಳಿತ ಕಡಿಮೆ ಬಾಡಿಗೆಗೆ ಕೊಡುವ ಕೌನ್ಸಿಲ್ ಮನೆಗಳ ವಠಾರದಲ್ಲಿ ಬೆಳೆದು ಬಂದ ಹುಡುಗನಿಗೆ, ದೊಡ್ಡಮನೆಯವರು ಪ್ರಶ್ನೆಯಿಲ್ಲದೆ ಒಪ್ಪಿಕೊಂಡದ್ದೆಲ್ಲ ಪ್ರಶ್ನೆಯಾಗಿಯೇ ಕಾಣುತ್ತದೆ.

ಈಗ ನದಿಗೆ ಬರೋಣ. ಪುಸ್ತಕದ ಜೀವ ಇರುವುದೇ ಅಲ್ಲಿ.

ಥೇಮ್ಸ್ ನದಿಗೆ ಈ ಕಥೆಯಲ್ಲಿ ಇಬ್ಬರು ಒಡೆಯರು. ಮೊದಲನೆಯವನು ಫಾದರ್ ಥೇಮ್ಸ್, ರೋಮನ್ನರ ಕಾಲದಿಂದ ಬಂದ ಮುದಿ ದೇವರು. ಮೂಲದಿಂದ ಸಮುದ್ರದವರೆಗೂ ಒಂದು ಕಾಲಕ್ಕೆ ಎಲ್ಲವೂ ಅವನದೇ. ಆಮೇಲೆ ಲಂಡನ್ ಬೆಳೆಯಿತು. ನಗರದ ಮಲಮೂತ್ರ, ಕಸಾಯಿಖಾನೆಯ ನೆತ್ತರು, ಚರ್ಮ ಹದ ಮಾಡುವ ಗುಂಡಿಗಳ ನೀರು, ಎಲ್ಲವೂ ನದಿಗೆ ಬಿತ್ತು. 1858ರ ಬೇಸಿಗೆಯಲ್ಲಿ ಬಿಸಿಲು ಏರಿ ನದಿ ನಾರತೊಡಗಿದಾಗ ಪಾರ್ಲಿಮೆಂಟಿನವರು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿದ ಪರದೆಗಳನ್ನು ಕಿಟಕಿಗಳಿಗೆ ಕಟ್ಟಿ ಕೂತರು. ಚರಿತ್ರೆಯಲ್ಲಿ ಅದನ್ನು ‘ಗ್ರೇಟ್ ಸ್ಟಿಂಕ್’ ಎನ್ನುತ್ತಾರೆ. ವರ್ಷಗಳಿಂದ ಎಳೆದಾಡುತ್ತಿದ್ದ ಕೆಲಸಕ್ಕೆ ಆಗ ಕೆಲವೇ ವಾರಗಳಲ್ಲಿ ಕಾನೂನು, ಹಣ ಎರಡೂ ಸಿಕ್ಕವು. ಬಡವರ ಮನೆಯಲ್ಲಿ ಕಾಲರಾ ಕುಣಿದಾಗ ಸಿಗದ ಹಣ ದೊಡ್ಡವರ ಮೂಗಿಗೆ ಬಡಿದ ಕೂಡಲೇ ಸಿಕ್ಕಿತು. ಎಂಜಿನಿಯರ್ ಜೋಸೆಫ್ ಬ್ಯಾಜಲ್‌ಜೆಟ್ ನೆಲದಡಿ 130 ಕಿಲೋಮೀಟರಿಗೂ ಹೆಚ್ಚು ಉದ್ದದ ದೊಡ್ಡ ಒಳಚರಂಡಿಗಳನ್ನು ಕಟ್ಟಿದ. ಇಂದಿಗೂ ಲಂಡನ್ ಅದರ ಮೇಲೆಯೇ ನಡೆಯುತ್ತಿದೆ.

ಕಾದಂಬರಿಯಲ್ಲಿ ಆ ಕೊಳಕಿಗೆ ಬಲಿಯಾದವರು ಫಾದರ್ ಥೇಮ್ಸ್‌ನ ಮಕ್ಕಳು, ಎಂದರೆ ನಗರದೊಳಗಿನ ಉಪನದಿಗಳು. ಟೈಬರ್ನ್, ಫ್ಲೀಟ್ ಮುಂತಾದ ಹೊಳೆಗಳನ್ನು ಒಂದೊಂದಾಗಿ ಮುಚ್ಚಿ ಮೋರಿ ಮಾಡಿದ್ದು ನಿಜದ ಚರಿತ್ರೆ. ಮಕ್ಕಳನ್ನು ಕಳೆದುಕೊಂಡ ಅಪ್ಪ ಸಿಟ್ಟಿನಿಂದ ಊರು ಬಿಟ್ಟು ಮೇಲಕ್ಕೆ ಹೋಗಿಬಿಟ್ಟ, ಟೆಡಿಂಗ್ಟನ್‌ನಿಂದ ಕೆಳಗೆ ಮತ್ತೆ ಕಾಲಿಡಲಿಲ್ಲ ಎನ್ನುತ್ತದೆ ಕಥೆ. ಟೆಡಿಂಗ್ಟನ್ ಎಂದು ಗೆರೆ ಎಳೆದದ್ದರಲ್ಲಿ ಲೇಖಕನ ಜಾಣತನವಿದೆ. ಸಮುದ್ರದ ಉಬ್ಬರವಿಳಿತ ಥೇಮ್ಸ್‌ನಲ್ಲಿ ಮೇಲೇರಿ ಬಂದು ನಿಲ್ಲುವುದು ಅಲ್ಲಿನ ಲಾಕ್‌ನಲ್ಲೇ. ಅದರ ಮೇಲಿನದು ಹಳ್ಳಿಗಾಡಿನ ಸಿಹಿನೀರಿನ ನದಿ, ಕೆಳಗಿನದು ಹಡಗುಗಳ, ಬಂದರಿನ, ಪರದೇಶಗಳ ನದಿ. ಅಪ್ಪ ಬಿಟ್ಟುಹೋದದ್ದು ಲೋಕದ ಕಡೆಗೆ ಬಾಯಿ ತೆರೆದ ಅರ್ಧವನ್ನು.

ಆ ಅರ್ಧ ನೂರು ವರ್ಷ ಖಾಲಿ ಬಿದ್ದಿತ್ತು. 1957ರಲ್ಲಿ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನವರು ಲಂಡನ್ನಿನ ಥೇಮ್ಸ್‌ನಲ್ಲಿ ಜೀವ ಉಳಿದಿಲ್ಲ, ಈ ನದಿ ಸತ್ತಿದೆ ಎಂದು ಹೇಳಿದರು. ಇದು ಕಥೆಯಲ್ಲ, ದಾಖಲೆ. ಕಾದಂಬರಿಯ ಇನ್ನೊಬ್ಬ ಒಡೆಯಳು ಬರುವುದೂ ಆ ದಶಕದಲ್ಲೇ. ನರ್ಸಿಂಗ್ ಕಲಿಯಲು ನೈಜೀರಿಯಾದಿಂದ ಬಂದ ಹುಡುಗಿ. 1948ರಲ್ಲಿ ಶುರುವಾದ ರಾಷ್ಟ್ರೀಯ ಆರೋಗ್ಯ ಸೇವೆಯ ಆಸ್ಪತ್ರೆಗಳಿಗೆ ಕೈಗಳು ಬೇಕಾಗಿದ್ದವು. ಕೆರಿಬಿಯನ್ ದ್ವೀಪಗಳಿಂದ, ಆಫ್ರಿಕಾದಿಂದ ಹೆಣ್ಣುಮಕ್ಕಳನ್ನು ಕರೆಸಿಕೊಳ್ಳುತ್ತಿದ್ದರು. ಕರೆಸಿಕೊಂಡವರೇ ಬಾಡಿಗೆ ಮನೆ ಕೇಳಿದಾಗ ಬಾಗಿಲು ಹಾಕಿಕೊಳ್ಳುತ್ತಿದ್ದರು. ಈ ಹುಡುಗಿ ಎಲ್ಲ ಕಡೆಯಿಂದಲೂ ಸೋತು, ಸಾಯಲೆಂದು ನೀರಿಗೆ ಹಾರುತ್ತಾಳೆ. ಸತ್ತ ನದಿ ಅವಳನ್ನು ಸಾಯಗೊಡುವುದಿಲ್ಲ. ಇಲ್ಲಿ ಜಾಗ ಖಾಲಿಯಿದೆ, ಬರುತ್ತೀಯಾ ಎನ್ನುತ್ತದೆ. ಹೀಗೆ ಮಾಮಾ ಥೇಮ್ಸ್ ಹುಟ್ಟುತ್ತಾಳೆ.

ಪೀಟರ್ ಅವಳನ್ನು ಮೊದಲ ಸಲ ನೋಡಲು ಹೋಗುವ ದೃಶ್ಯವನ್ನು ನಾನು ಮತ್ತೆಮತ್ತೆ ಓದಿದ್ದೇನೆ. ಪೂರ್ವ ಲಂಡನ್ನಿನ ಹಳೇ ಹಡಗುಕಟ್ಟೆಯ ಪಕ್ಕದ ಮನೆ. ಕೋಣೆ ತುಂಬ ಹೆಂಗಸರು. ನಡುವೆ ದೊಡ್ಡ ಆಫೀಸು ಕುರ್ಚಿಯಲ್ಲಿ, ಬೆಲೆಬಾಳುವ ಲೇಸಿನ ರವಿಕೆ ತೊಟ್ಟು ಆಕೆ ಕೂತಿದ್ದಾಳೆ. ಎದುರಿಗೆ ನಿಂತವನಿಗೆ ಉಪ್ಪುನೀರು, ಡೀಸೆಲ್, ಕಾಫಿ, ಬಾಳೆಹಣ್ಣು, ಮೀನು, ಹೀಗೆ ಬಂದರಿನ ವಾಸನೆಯೆಲ್ಲ ಒಟ್ಟಿಗೆ ಬಡಿಯುತ್ತದೆ. ಮಂಡಿಯೂರಿ ಅವಳ ಕಾಲ ಬಳಿ ಕೂತುಬಿಡಬೇಕು ಅನ್ನಿಸುತ್ತದೆ. ಅಲ್ಲಿ ಏನನ್ನೂ ತಿನ್ನಬೇಡ, ಕುಡಿಯಬೇಡ ಎಂದು ಗುರು ಮೊದಲೇ ಎಚ್ಚರಿಸಿದ್ದಾನೆ. ಉಂಡರೆ ಋಣಕ್ಕೆ ಬೀಳುತ್ತೀಯ ಎಂಬ ಭಯ. ಆದರೆ ಅದೇ ಭೂಖಂಡದಿಂದ ಬಂದ ತಾಯಿಯ ಮಗನಿಗೆ, ಹಿರಿಯ ಹೆಂಗಸು ಕೊಟ್ಟದ್ದನ್ನು ಬೇಡ ಎನ್ನುವುದು ಎಷ್ಟು ದೊಡ್ಡ ಅಪಚಾರ ಎಂಬುದೂ ಗೊತ್ತಿರಬೇಕಲ್ಲ. ಬೀಗರ ಮನೆಯಲ್ಲಿ ಕಾಫಿ ಬೇಡವೆಂದು ಮುಖ ಕೆಡಿಸಿಕೊಂಡವರಿಗೆಲ್ಲ ಈ ಇಕ್ಕಟ್ಟು ಅರ್ಥವಾಗುತ್ತದೆ. ಪೀಟರ್ ಪೊಲೀಸಿನವನಾಗಿ ಬಂದಿದ್ದಾನೆ, ಮಂತ್ರವಾದಿಯ ಶಿಷ್ಯನಾಗಿ ಬಂದಿದ್ದಾನೆ, ಆದರೆ ಆ ಕೋಣೆಯಲ್ಲಿ ಅವನು ಎಲ್ಲಕ್ಕಿಂತ ಮೊದಲು ಒಬ್ಬ ಆಂಟಿಯ ಮುಂದೆ ನಿಂತ ಹುಡುಗ.

ಅವನ ತಾಯಿ ಸಿಯೆರಾ ಲಿಯೋನ್‌ನವಳು, ಕಚೇರಿಗಳನ್ನು ಗುಡಿಸಿ ಒರೆಸುವ ಕೆಲಸ. ತಂದೆ ಬಿಳಿಯ, ಜಾಝ್ ಟ್ರಂಪೆಟ್ ವಾದಕ. ಹೆರಾಯಿನ್‌ಗೆ ಬಿದ್ದು ಎರಡೆರಡು ಸಲ ಕೈಗೆ ಬಂದ ಹೆಸರನ್ನು ಕಳೆದುಕೊಂಡವನು. ತನ್ನ ಬಣ್ಣದ ಬಗ್ಗೆ ಪೀಟರ್ ಭಾಷಣ ಬಿಗಿಯುವುದಿಲ್ಲ. ಯಾರು ಎಲ್ಲಿ ತನ್ನನ್ನು ಎರಡನೇ ಸಲ ತಿರುಗಿ ನೋಡಿದರು ಎಂಬುದನ್ನು ಮಾತ್ರ, ಹವಾಮಾನ ಹೇಳಿದಷ್ಟೇ ನಿರುದ್ವೇಗದಿಂದ ಹೇಳಿ ಮುಂದೆ ಹೋಗುತ್ತಾನೆ. ಕಾದಂಬರಿಯ ಉಳಿದವರೂ ಹೀಗೇ ಒಂದು ಗುರುತಿಗೆ ಸಿಗುವವರಲ್ಲ. ಹೆಣ ಕೊಯ್ದು ಮಾಟದ ಗುರುತು ಹುಡುಕುವ ವೈದ್ಯನ ಹೆಸರು ಅಬ್ದುಲ್ ಹಕ್ ವಾಲಿದ್. ಹೆಸರು ಕೇಳಿ ನಾನೊಂದು ಮುಖ ಕಲ್ಪಿಸಿಕೊಂಡಿದ್ದೆ. ಬಂದವನು ಕೆಂಪುಕೂದಲಿನ ಸ್ಕಾಟ್ಲೆಂಡಿನವನು, ಇಸ್ಲಾಮಿಗೆ ಮತಾಂತರಗೊಂಡವನು. ಲೇಖಕ ಅದಕ್ಕೊಂದು ವಿವರಣೆಯನ್ನೂ ಕೊಡದೆ ಅವನನ್ನು ಸೀದಾ ಶವಾಗಾರಕ್ಕೆ ಕರೆದುಕೊಂಡು ಹೋಗುತ್ತಾನೆ.

ಮಾಮಾ ಥೇಮ್ಸ್‌ಗೆ ಹೆಣ್ಣುಮಕ್ಕಳ ಸಂತತಿ. ಅಪ್ಪ ಕಳೆದುಕೊಂಡ ಹೊಳೆಗಳ ಹೆಸರೇ ಈಗ ಈ ಹೆಣ್ಣುಮಕ್ಕಳ ಹೆಸರು. ಕಿರಿಯರಲ್ಲಿ ಒಬ್ಬಳಾದ ಬೆವರ್ಲಿ ಬ್ರುಕ್ ತುಂಟಿ. ಅವಳ ಹೆಸರಿನ ತೊರೆ ನಿಜವಾಗಿಯೂ ರಿಚ್ಮಂಡ್ ಪಾರ್ಕ್ ಹಾದು ಪಟ್ನಿಯ ಹತ್ತಿರ ಥೇಮ್ಸ್ ಸೇರುತ್ತದೆ. ನನಗೆ ಹಿಡಿಸಿದವಳು ಹಿರಿಯಳಾದ ಲೇಡಿ ಟೈ, ಟೈಬರ್ನ್. ಹಿಡಿಸಿದಳು ಎಂದರೆ ಇಷ್ಟವಾದಳು ಎಂದಲ್ಲ. ಮೇಫೇರ್‌ನಲ್ಲಿ ಮನೆ, ಆಕ್ಸ್‌ಫರ್ಡ್ ಓದು, ಮಂತ್ರಿಗಳಿಗೆ ನೇರ ಫೋನು ಮಾಡುವ ಸಲಿಗೆ. ಅಮ್ಮ ನದಿಗೆ ಹಾರಿದ ಹುಡುಗಿ. ಮಗಳ ಇಂಗ್ಲಿಷಿನಲ್ಲಿ ಆ ಹುಡುಗಿಯ ಸುಳಿವೂ ಇಲ್ಲ. ಟೈಬರ್ನ್ ಎಂದರೆ ಲಂಡನ್ನಿಗರಿಗೆ ಗಲ್ಲುಮರದ ನೆನಪು. ಈಗಿನ ಮಾರ್ಬಲ್ ಆರ್ಚ್ ಬಳಿ 1783ರವರೆಗೂ ಜನ ಜಾತ್ರೆಗೆ ನೆರೆದಂತೆ ನೆರೆದು ನೇಣು ನೋಡುತ್ತಿದ್ದರು. ಅಂಥ ಹೆಸರನ್ನು ಹೊತ್ತವಳು ಅಧಿಕಾರದ ಪಡಸಾಲೆಯಲ್ಲಿ ಕೂತು, ಬೀದಿಯಿಂದ ಬಂದ ಪೀಟರನ ಮೇಲೆ ದರ್ಪ ತೋರುತ್ತಾಳೆ. ವಲಸೆ ಬಂದವರ ಮಕ್ಕಳೆಲ್ಲ ಒಂದೇ ಎಂಬ ಸಲೀಸು ಒಗ್ಗಟ್ಟಿಗೆ ಈ ಪುಸ್ತಕದಲ್ಲಿ ಜಾಗವಿಲ್ಲ. ವರ್ಗ ಅಡ್ಡ ಬರುತ್ತದೆ, ಮನೆಯ ಪಿನ್‌ಕೋಡು ಅಡ್ಡ ಬರುತ್ತದೆ.

ಮುಚ್ಚಿದ ಹೊಳೆಗಳು ಇಂದಿಗೂ ಹರಿಯುತ್ತಿವೆ. ಸ್ಲೋನ್ ಸ್ಕ್ವೇರ್ ಮೆಟ್ರೋ ನಿಲ್ದಾಣಕ್ಕೆ ಹೋದರೆ ಪ್ಲಾಟ್‌ಫಾರ್ಮಿನ ಮೇಲೆ, ತಲೆಯಿಂದ ಎತ್ತರದಲ್ಲಿ, ಒಂದು ಕಬ್ಬಿಣದ ದಪ್ಪ ಕೊಳವೆ ಅಡ್ಡ ಹಾದಿದೆ. ಅದರೊಳಗೆ ಇರುವುದು ವೆಸ್ಟ್‌ಬೋರ್ನ್ ನದಿ. ಕೆಳಗೆ ನಿಂತವರು ಫೋನ್ ನೋಡುತ್ತ ರೈಲು ಕಾಯುತ್ತಾರೆ. ಕ್ಲರ್ಕನ್‌ವೆಲ್‌ನ ರೇ ಸ್ಟ್ರೀಟಿನಲ್ಲಿ ಒಂದು ಪಬ್ಬಿನ ಮುಂದೆ ರಸ್ತೆಗೆ ಹಾಕಿದ ಕಬ್ಬಿಣದ ಜಾಲರಿಯಿದೆ. ವಾಹನಗಳ ಸದ್ದು ಇಳಿದ ಹೊತ್ತಿನಲ್ಲಿ ಬಗ್ಗಿ ಕಿವಿಗೊಟ್ಟರೆ ಕೆಳಗೆ ನೀರು ಓಡುವುದು ಕೇಳುತ್ತದೆ. ಅದು ಫ್ಲೀಟ್. ಹ್ಯಾಂಪ್‌ಸ್ಟೆಡ್ ದಿಬ್ಬದಲ್ಲಿ ಹುಟ್ಟಿ ಬ್ಲ್ಯಾಕ್‌ಫ್ರೈಯರ್ಸ್ ಸೇತುವೆಯ ಕೆಳಗೆ ಥೇಮ್ಸ್ ಸೇರುವ ಹೊಳೆ. ನಾನು ಬಗ್ಗಿದ್ದಾಗ ಪಬ್ಬಿನಿಂದ ಹೊರಬಂದ ಒಬ್ಬಾತ ಏನಾದರೂ ಬಿದ್ದುಹೋಯಿತಾ ಎಂದು ಕೇಳಿದ. ನದಿ ಕೇಳುತ್ತಿದ್ದೇನೆ ಎಂದೆ. ಹೌದಾ ಎಂದು ಅವನೂ ಬಗ್ಗಿ ಒಂದು ಗಳಿಗೆ ಕೇಳಿ, ಇಷ್ಟು ವರ್ಷದಿಂದ ಇಲ್ಲಿ ಕುಡಿಯುತ್ತಿದ್ದೇನೆ, ಗೊತ್ತೇ ಇರಲಿಲ್ಲ ಎಂದು ನಕ್ಕು ಹೋದ.

ಇನ್ನು ಪುಸ್ತಕದ ಮೇಲೆ ನನಗಿರುವ ತಕರಾರುಗಳು. ಪೀಟರನ ಕಣ್ಣು ಹೆಣ್ಣುಮಕ್ಕಳ ಮೈಮೇಲೆ ಬೇಕಿಲ್ಲದಷ್ಟು ಹೊತ್ತು ನಿಲ್ಲುತ್ತದೆ. ಹರೆಯದ ಹುಡುಗ, ಹಾಗೇ ಇರುತ್ತಾನೆ ಎಂದು ಲೇಖಕನ ಪರವಾಗಿ ವಾದಿಸಬಹುದು. ನನಗದು ಸೋಮಾರಿತನವಾಗಿ ಕಂಡಿತು. ಗೊಂಬೆಯಾಟದ ಕಥೆ ಮತ್ತು ನದಿಗಳ ಕಥೆ ಅರ್ಧ ದಾರಿಯವರೆಗೆ ಬೇರೆಬೇರೆ ಓಡಿ, ಕೊನೆಯಲ್ಲಿ ಸೇರುವಾಗ ಹೊಲಿಗೆ ಎದ್ದು ಕಾಣುತ್ತದೆ. ರಾಯಲ್ ಒಪೆರಾ ಹೌಸಿನ ಗಲಭೆಯ ಭಾಗವನ್ನು ನಾನು ಎರಡು ಸಲ ಓದಬೇಕಾಯಿತು. ಜೊತೆಗಾತಿ ಲೆಸ್ಲಿ ಮೇ ಪೀಟರನಿಗಿಂತ ಚುರುಕಾದ ಪೊಲೀಸ್. ಅವಳಿಗೆ ಏನಾಗುತ್ತದೆ ಎಂದು ಹೇಳಿ ನಿಮ್ಮ ಓದು ಕೆಡಿಸುವುದಿಲ್ಲ. ನನಗೆ ಸಿಟ್ಟು ಬಂತು ಎಂದಷ್ಟೇ ಹೇಳುತ್ತೇನೆ.

ದೊಡ್ಡ ತಕರಾರು ಪೊಲೀಸ್ ಇಲಾಖೆಯದ್ದು. 1993ರಲ್ಲಿ ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ಹುಡುಗನನ್ನು ಬಸ್ ನಿಲ್ದಾಣದಲ್ಲಿ ಬಿಳಿ ಹುಡುಗರ ಗುಂಪು ಇರಿದು ಕೊಂದಿತು. ತನಿಖೆ ಹಳ್ಳ ಹಿಡಿಯಿತು. 1999ರಲ್ಲಿ ಬಂದ ಮ್ಯಾಕ್‌ಫರ್ಸನ್ ವರದಿ, ಲಂಡನ್ ಪೊಲೀಸ್ ವ್ಯವಸ್ಥೆಯೊಳಗೇ ಜನಾಂಗದ್ವೇಷ ಬೇರೂರಿದೆ ಎಂದು ನೇರವಾಗಿ ಹೇಳಿತು. ಅದಾದ ಹತ್ತು ಚಿಲ್ಲರೆ ವರ್ಷಕ್ಕೆ ಅದೇ ಇಲಾಖೆಯ ಸಮವಸ್ತ್ರ ತೊಟ್ಟ ಪೀಟರ್ ಬರುತ್ತಾನೆ. ಇಲಾಖೆಯ ಪೆದ್ದುತನ, ಕಾಗದದ ಹುಚ್ಚು, ಸಂಕೇತಾಕ್ಷರಗಳ ಗೀಳು ಎಲ್ಲವನ್ನೂ ಅವನು ಗೇಲಿ ಮಾಡುತ್ತಾನೆ. ಆದರೆ ಆ ಗೇಲಿ ಒಳಗಿನವನ ಗೇಲಿ, ಕಚ್ಚುವುದಿಲ್ಲ. ದೆವ್ವದೊಡನೆ ಮಾತಾಡುವಷ್ಟು ಧೈರ್ಯವಿರುವ ಕಾದಂಬರಿ ಇಲ್ಲಿ ಸ್ವಲ್ಪ ಮೆತ್ತಗಾಯಿತು. ಇದಕ್ಕೆ ಉತ್ತರವೂ ಪುಸ್ತಕದಲ್ಲೇ ಇದೆ ಎನ್ನುವವರಿದ್ದಾರೆ. ಮಾಮಾ ಥೇಮ್ಸ್ ನದಿಯನ್ನು ಒಪ್ಪಿಕೊಂಡ ಹಾಗೆಯೇ ಪೀಟರ್ ಸಮವಸ್ತ್ರವನ್ನು ಒಪ್ಪಿಕೊಂಡಿದ್ದಾನೆ: ಕೊಳಕಾಗಿದೆ, ಆದರೆ ಖಾಲಿ ಬಿಟ್ಟರೆ ಬೇರೆ ಯಾರೋ ಕೂರುತ್ತಾರೆ. ಅರ್ಧ ಒಪ್ಪುತ್ತೇನೆ.

ಏಕೆಂದರೆ ಈ ಕಾದಂಬರಿಯಲ್ಲಿ ನಗರ ಯಾರದು ಎಂಬ ಪ್ರಶ್ನೆಗೆ ಸಿಗುವ ಉತ್ತರವೇ ಅಂಥದ್ದು. ಮೊದಲು ಬಂದವನದಲ್ಲ, ಕೊಳಕಾದಾಗ ಬಿಟ್ಟುಹೋದವನದಂತೂ ಅಲ್ಲ. ಆ ಕೊಳಕಿನಲ್ಲೇ ಇಳಿದು ನಿಂತವಳದು. ಪೀಟರನ ಅಮ್ಮ ರಾತ್ರಿ ಪಾಳಿಯಲ್ಲಿ ಕಚೇರಿಗಳ ನೆಲ ಒರೆಸುವುದೂ ಮಾಮಾ ಥೇಮ್ಸ್ ಸತ್ತ ನೀರನ್ನು ಒಪ್ಪಿಕೊಂಡದ್ದೂ ಪುಸ್ತಕದಲ್ಲಿ ಎಲ್ಲೂ ಪಕ್ಕಪಕ್ಕ ಬರುವುದಿಲ್ಲ. ಓದುವವನೇ ಪಕ್ಕಪಕ್ಕ ಇಟ್ಟುಕೊಳ್ಳಬೇಕು. ನಿಜದ ಥೇಮ್ಸ್ ಕೂಡ ಆಮೇಲೆ ಬದುಕಿತು. 1974ರಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಅಲ್ಲಿ ಸಾಲ್ಮನ್ ಮೀನು ಸಿಕ್ಕಿತು. ಕಾರಣ ಕೊಳಚೆ ಶುದ್ಧೀಕರಣ ಘಟಕಗಳೆಂದು ಎಂಜಿನಿಯರುಗಳು ಹೇಳುತ್ತಾರೆ. ಕಾದಂಬರಿ ಓದಿದವರು ಸುಮ್ಮನೆ ತಲೆಯಾಡಿಸುತ್ತಾರೆ.

ಲಂಡನ್ನಿನಲ್ಲಿ ಪರದೇಶಿಯಾಗಿದ್ದಾಗ ನನಗೆ ಈ ಉತ್ತರ ಬಹಳ ಹಿತವಾಗಿತ್ತು. ವೀಸಾ ಕಚೇರಿಯ ಸಾಲಿನಲ್ಲಿ ನಿಂತವನು ಮಾಮಾ ಥೇಮ್ಸ್ ಪರ ಚಪ್ಪಾಳೆ ತಟ್ಟದೆ ಇನ್ಯಾರ ಪರ ತಟ್ಟುತ್ತಾನೆ? ಬೆಂಗಳೂರಿಗೆ ಮರಳಿ ಅದೇ ಪುಸ್ತಕ ಓದುವಾಗ ಹಿತ ಕಡಿಮೆಯಾಯಿತು.

ನದಿಯನ್ನು ಹೆಂಗಸಾಗಿ ಕಾಣುವುದು ನಮಗೆ ಹೊಸದೇನಲ್ಲ. ಕನ್ನಂಬಾಡಿಯ ಅಣೆಕಟ್ಟು 124.80 ಅಡಿ ತುಂಬಿದ ವರ್ಷ ಮುಖ್ಯಮಂತ್ರಿಗಳೇ ಹೋಗಿ ಕಾವೇರಿಗೆ ಬಾಗಿನ ಬಿಡುತ್ತಾರೆ. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ರವಿಕೆ ಕಣ. ಸುತ್ತ ಗನ್‌ಮ್ಯಾನುಗಳು, ನೀರಾವರಿ ಇಲಾಖೆಯ ಎಂಜಿನಿಯರುಗಳು, ಟಿವಿ ಕ್ಯಾಮೆರಾಗಳು. ಸರ್ಕಾರವೊಂದು ನದಿದೇವತೆಯ ಜೊತೆ ಶಿಷ್ಟಾಚಾರ ಪಾಲಿಸುವುದನ್ನು ಆರನೋವಿಚ್ ಕಷ್ಟಪಟ್ಟು ಕಲ್ಪಿಸಿಕೊಂಡಿದ್ದಾನೆ; ನಾವು ಸಂಜೆಯ ವಾರ್ತೆಯಲ್ಲಿ ನೋಡುತ್ತೇವೆ. ಅದೇ ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಪಂಪ್ ಮಾಡಿ ಬೆಂಗಳೂರಿಗೆ ತಂದು, ಬಳಸಿ, ಹೊಲಸು ಮಾಡಿ, ವೃಷಭಾವತಿಗೆ ಬಿಡುತ್ತೇವೆ. ವೃಷಭಾವತಿ ಅರ್ಕಾವತಿಗೆ, ಅರ್ಕಾವತಿ ಮತ್ತೆ ಕಾವೇರಿಗೆ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿದವಳು ಎಂದು ಹೆಸರು ಪಡೆದ ಹೊಳೆ ಅದು. ಮೈಸೂರು ರಸ್ತೆಯಲ್ಲಿ ಗಾಳಿ ಆಂಜನೇಯನ ಗುಡಿಯ ಹತ್ತಿರ ಬಸ್ಸು ನಿಂತಾಗ ಕಿಟಕಿಯ ಗಾಜು ಎಳೆದುಕೊಳ್ಳದವರು ಕಡಿಮೆ. ಬಾಗಿನ ಬಿಡಲು ಅಲ್ಲಿಗೆ ಯಾರೂ ಬರುವುದಿಲ್ಲ.

ಆ ಕಥೆಯನ್ನು ಇಲ್ಲಿ ಬರೆದರೆ ವೃಷಭಾವತಿಯ ಹಳೆಯ ದೇವತೆ ಯಾವಾಗಲೋ ಎದ್ದು ಹೋಗಿರಬೇಕು. ಖಾಲಿ ಬಿದ್ದ ಆ ನೀರಿಗೆ ಇಳಿದವಳು ಯಾರು? ಬೆಂಗಳೂರಿನ ಬೀದಿಗಳನ್ನು ಬೆಳಗಿನ ಜಾವ ಗುಡಿಸುವ ಪೌರಕಾರ್ಮಿಕರಲ್ಲಿ ಬಹಳಷ್ಟು ಮಂದಿ ತಲೆಮಾರುಗಳ ಹಿಂದೆ ಆಂಧ್ರದ ಕಡೆಯಿಂದ ಬಂದವರು, ಮನೆಯಲ್ಲಿ ತೆಲುಗು ಆಡುವವರು, ದಲಿತರು. ಇತ್ತೀಚಿನ ಕಟ್ಟಡ ಕೆಲಸದ ಶೆಡ್ಡುಗಳಲ್ಲಿ ಕಲಬುರಗಿ, ರಾಯಚೂರಿನವರ ಪಕ್ಕದಲ್ಲೇ ಬಿಹಾರ, ಬಂಗಾಳ, ಒಡಿಶಾದವರು. ಅವರಲ್ಲೊಬ್ಬಳು ಹೋಗಿ ವೃಷಭಾವತಿಯ ಕುರ್ಚಿಯಲ್ಲಿ ಕೂತು, ಈ ನಗರ ನನ್ನದು, ಇಲ್ಲಿಗೆ ಬರುವವರು ನನಗೆ ತಲೆಬಾಗಿ ಬನ್ನಿ ಎಂದರೆ? ಆಟೋ ಹತ್ತಿ ಹಿಂದಿಯಲ್ಲಿ ಮಾತು ಶುರು ಮಾಡುವವರನ್ನು ಕಂಡರೆ ಮೈ ಉರಿಯುವ ನಾನು ಅವಳೆದುರು ಚಪ್ಪಾಳೆ ತಟ್ಟುತ್ತೇನೆಯೇ? ಭಾಷೆಯ ಸಿಟ್ಟಿಗೆ ನನ್ನಲ್ಲಿ ಕಾರಣಗಳಿವೆ, ಅವನ್ನು ಬಿಟ್ಟುಕೊಡುವ ಮನಸ್ಸೂ ಇಲ್ಲ. ಆದರೂ ಲಂಡನ್ನಿಗೊಂದು ನ್ಯಾಯ, ಬೆಂಗಳೂರಿಗೊಂದು ನ್ಯಾಯ ಎಂದು ಹಿಡಿದುಕೊಂಡು ಈ ಪುಸ್ತಕ ಓದುವುದು ಕಷ್ಟ. ಮಾಮಾ ಥೇಮ್ಸ್ ಇಂಗ್ಲಿಷ್ ಕಲಿತಳು, ಊರಿನ ರೀತಿನೀತಿ ಕಲಿತಳು ಎಂದು ನನ್ನೊಳಗಿನ ಕನ್ನಡಿಗ ವಾದ ಹೂಡುತ್ತಾನೆ. ಕಲಿತಳು, ನಿಜ. ನೀರಿಗೆ ಹಾರುವ ಮೊದಲೇ ಕಲಿತಿದ್ದಳು, ಆಗ ಅದು ಅವಳ ಉಪಯೋಗಕ್ಕೆ ಬರಲಿಲ್ಲ.

ಕಾದಂಬರಿ ಮುಗಿಯುವುದು ರಾಜಿಯಲ್ಲಿ. ಅಪ್ಪ, ಅಮ್ಮ ಇಬ್ಬರೂ ಥೇಮ್ಸ್ ನನ್ನದು ಎಂದು ಜಗಳಕ್ಕೆ ನಿಂತಾಗ ಪೀಟರ್ ನ್ಯಾಯ ಹೇಳಲು ಹೋಗುವುದಿಲ್ಲ. ಹಿಂದಿನ ರಾಜರ ಕಾಲದ ಒಂದು ಪದ್ಧತಿಯನ್ನು ಹುಡುಕಿ ತೆಗೆಯುತ್ತಾನೆ: ಒತ್ತೆಯಾಳುಗಳ ವಿನಿಮಯ. ಅಮ್ಮನ ಮಗಳು ಬೆವರ್ಲಿ ಮೇಲಿನ ಹಳ್ಳಿಗಾಡಿಗೆ ಹೋಗಿ ಅಪ್ಪನ ಕಡೆಯವರ ಜೊತೆ ಇರಬೇಕು, ಅಪ್ಪನ ಮಗ ಆಶ್ ಪೇಟೆಗೆ ಬಂದು ಅಮ್ಮನ ಕಡೆಯವರ ಜೊತೆ ಇರಬೇಕು. ಇಬ್ಬರೂ ಒಬ್ಬರ ಊಟ ಒಬ್ಬರು ಉಂಡು ಒಂದಷ್ಟು ಕಾಲ ಬಾಳಬೇಕು. ಗಡಿ ಟೆಡಿಂಗ್ಟನ್‌ನಲ್ಲೇ ಉಳಿಯುತ್ತದೆ, ಯಾರೂ ಗೆಲ್ಲುವುದಿಲ್ಲ, ಯಾರೂ ಬದಲಾಗಿದ್ದೇನೆ ಎಂದು ಹೇಳುವುದಿಲ್ಲ. ಪೀಟರನಿಗೆ ಪ್ರೀತಿ ಹುಟ್ಟುತ್ತಿದ್ದ ಹುಡುಗಿಯನ್ನೇ ಅವನು ಕಾರಿನಲ್ಲಿ ಕೂರಿಸಿಕೊಂಡು ಊರಾಚೆ ಬಿಟ್ಟುಬರಬೇಕಾಗುತ್ತದೆ. ಒಪ್ಪಂದ ಮಾಡಿಸಿದವನು ಕೈಯಿಂದ ಕಳೆದುಕೊಳ್ಳುವ ಇಂಥ ಮುಕ್ತಾಯ ನನಗೆ ಮಾಟದ ಕಾದಾಟಕ್ಕಿಂತ ಹೆಚ್ಚು ನಂಬುವಂತೆ ಕಂಡಿತು.

ಈ ಕಾದಂಬರಿ ಬಂದ 2011ರಲ್ಲೇ ಸರಣಿಯ ಎರಡನೇ ಪುಸ್ತಕ ‘ಮೂನ್ ಓವರ್ ಸೋಹೋ’ ಕೂಡ ಬಂತು. ಅದರಲ್ಲಿ ಜಾಝ್ ನುಡಿಸುವವರು ಒಬ್ಬೊಬ್ಬರಾಗಿ ಸಾಯುತ್ತಾರೆ, ಪೀಟರನ ಅಪ್ಪನ ಹಳೇ ಟ್ರಂಪೆಟ್ಟಿನ ಕಥೆ ಮುಂದಕ್ಕೆ ಬರುತ್ತದೆ. ಓದುವುದಾದರೆ ಮೊದಲ ಪುಸ್ತಕದಿಂದಲೇ ಶುರು ಮಾಡಿ. ಮಾಮಾ ಥೇಮ್ಸ್‌ಳ ಮನೆಗೆ ನೇರವಾಗಿ ನುಗ್ಗಿದರೆ ಯಾವುದಕ್ಕೆ ಹೂಂ ಎನ್ನಬೇಕು, ಯಾವುದನ್ನು ಮುಟ್ಟಬಾರದು ಎಂಬುದು ತಿಳಿಯುವುದಿಲ್ಲ.